ಬಿಸಿಯಾಗದ ಹಾಟ್ ಏರ್, ಕರಗದ ಲೆಡ್: ಅಗ್ಗದ ಬೆಸುಗೆ ಸ್ಟೇಷನ್‌ನ ದೋಷ ಪತ್ತೆ

ಮೊಬೈಲ್ ರಿಪೇರಿ ಕಲಿಯುವವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಮನೆಯಲ್ಲೇ ಬೋರ್ಡ್ ಬಿಚ್ಚಿ ಕೂರುವ ಹವ್ಯಾಸಿಗಳು, ಇವರೆಲ್ಲರ ಮೇಜಿನ ಮೇಲೂ ಹೆಚ್ಚುಕಡಿಮೆ ಒಂದೇ ಪೆಟ್ಟಿಗೆ ಇರುತ್ತದೆ. ಒಂದು ಬದಿಗೆ ಸೋಲ್ಡರಿಂಗ್ ಐರನ್, ಇನ್ನೊಂದು ಬದಿಗೆ ಹಾಟ್ ಏರ್ ಗನ್, ಮುಂದೆ ಎರಡು ಅಂಕಿಪರದೆ. ಮೇಲೆ ಅಂಟಿಸಿದ ಹೆಸರು ಬೇರೆ ಬೇರೆ. ಒಳಗಿರುವುದು ಬಹುಪಾಲು ಒಂದೇ ವಂಶ. ಐರನ್ ಭಾಗ ಜಪಾನಿನ ಹಕ್ಕೊ ಕಂಪನಿಯ 936 ಮಾದರಿಯನ್ನು ನೋಡಿ ಮಾಡಿದ್ದು. ಹಾಟ್ ಏರ್ ಭಾಗ 858ಡಿ ಎಂದು ಕರೆಯಲಾಗುವ, ಹಿಡಿಯೊಳಗೇ ಫ್ಯಾನ್ ಇರುವ ಚೀನಾದ ವಿನ್ಯಾಸ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದರ ಎಲಿಮೆಂಟ್ (ಕಾಯಿಸುವ ಭಾಗ), ಬಿಟ್ (ಐರನ್‌ನ ಮೊನೆ), ಹ್ಯಾಂಡಲ್ ಬಿಡಿಯಾಗಿ ಸಿಗುವುದಕ್ಕೂ, ಯಾರು ಬೇಕಾದರೂ ಇದನ್ನು ದುರಸ್ತಿ ಮಾಡಿಕೊಳ್ಳಬಹುದಾಗಿರುವುದಕ್ಕೂ ಈ ಏಕರೂಪವೇ ಕಾರಣ.

ಈ ಪೆಟ್ಟಿಗೆಯ ಬಗ್ಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತಿನಲ್ಲಿ ಮುಗಿಯುತ್ತವೆ: ‘ಬಿಸಿಯಾಗುತ್ತಿಲ್ಲ.’ ಆದರೆ ಆ ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ದೋಷಗಳು ಅಡಗಿರುತ್ತವೆ. ಪರದೆಯ ಮೇಲೆ 350 ಎಂದು ಬಂದರೆ ಅದು ಸೆನ್ಸರ್ ಕುಳಿತಿರುವ ಜಾಗದ ಉಷ್ಣತೆ. ಬಿಟ್‌ನ ತುದಿಯದಲ್ಲ, ಬೋರ್ಡಿನ ಮೇಲಿನ ಬೆಸುಗೆಯದಂತೂ ಅಲ್ಲವೇ ಅಲ್ಲ. ಸೆನ್ಸರ್‌ನಿಂದ ಬೆಸುಗೆಯವರೆಗಿನ ದಾರಿಯಲ್ಲಿ ಬಿಸಿ ಎಲ್ಲಿ ಸೋರುತ್ತಿದೆ, ಅಥವಾ ಹುಟ್ಟುತ್ತಲೇ ಇಲ್ಲವೇ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಹಾಗೆ ಮಾಡದೆ ನೇರವಾಗಿ ಎಲಿಮೆಂಟ್ ಕೊಂಡುತರುವವರು ದುಡ್ಡು ಕಳೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮೊದಲು ಅರ್ಥಿಂಗ್

ಇದು ಸಾಮಾನ್ಯವಾಗಿ ಕೈಪಿಡಿಗಳ ಕೊನೆಯ ಪುಟದಲ್ಲಿ ಇರುತ್ತದೆ. ಇಲ್ಲಿ ಮೊದಲಿಗೇ ಬರೆಯಲು ಕಾರಣವಿದೆ: ಐರನ್ 24 ವೋಲ್ಟ್‌ನಲ್ಲಿ ಓಡುತ್ತದೆ, ಆದರೆ ಹಾಟ್ ಏರ್‌ನ ಕಾಯಿಲ್‌ಗೆ, ಅಂದರೆ ಗಾಳಿ ಕಾಯಿಸುವ ತಂತಿಸುರುಳಿಗೆ, ಹೋಗುವುದು ಗೋಡೆಯ 230 ವೋಲ್ಟ್. ಅಂದರೆ ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಹಿಡಿಯೊಳಗೆ ನೇರ ಮೇನ್ಸ್ ಇದೆ. ಅದರ ಮುಂದಿನ ಲೋಹದ ನಳಿಗೆ ಅರ್ಥ್ ಆಗಿಲ್ಲದಿದ್ದರೆ, ಕಾಯಿಲನ್ನು ನಳಿಗೆಯಿಂದ ಬೇರ್ಪಡಿಸುವ ಒಳಗಿನ ಅಭ್ರಕದ (ಮೈಕಾ) ಹಾಳೆ ಹರಿದ ದಿನ ಫೇಸ್ ನೇರವಾಗಿ ನಳಿಗೆಗೆ ಬರುತ್ತದೆ.

ಪ್ಲಗ್ ಅನ್ನು ಗೋಡೆಯಿಂದ ಕಿತ್ತು, ಮಲ್ಟಿಮೀಟರನ್ನು ಓಂಗೆ ತಿರುಗಿಸಿ. ಒಂದು ಕಡ್ಡಿ ಪ್ಲಗ್‌ನ ದೊಡ್ಡ ಅರ್ಥ್ ಪಿನ್‌ಗೆ, ಇನ್ನೊಂದು ಹಾಟ್ ಏರ್ ನಳಿಗೆಗೆ. ನಂತರ ಐರನ್ ಬಿಟ್‌ಗೆ. ನಂತರ ಪೆಟ್ಟಿಗೆಯ ಲೋಹಕ್ಕೆ, ಬಣ್ಣವಿಲ್ಲದ ಒಂದು ಸ್ಕ್ರೂ ತಲೆಯ ಮೇಲೆ. ಹಕ್ಕೊ ತನ್ನ 936ರ ಕೈಪಿಡಿಯಲ್ಲಿ ಐರನ್ ಪ್ಲಗ್‌ನ ಅರ್ಥ್ ಪಿನ್ನಿಗೂ ಬಿಟ್‌ಗೂ ನಡುವೆ 2 ಓಂಗಿಂತ ಕಡಿಮೆ ಇರಬೇಕು ಎನ್ನುತ್ತದೆ. ನಕಲು ಯಂತ್ರಕ್ಕೂ ಅದೇ ಅಳತೆ ಸಾಕು. ಮೀಟರ್ ಏನನ್ನೂ ತೋರಿಸದಿದ್ದರೆ ಮುಚ್ಚಳ ತೆಗೆದು ಹಸಿರು ಅಥವಾ ಹಳದಿ-ಹಸಿರು ತಂತಿ ಎಲ್ಲಿ ಕುಳಿತಿದೆ ನೋಡಿ. ಬಹಳ ಸಲ ಅದು ಪೇಂಟ್ ಮಾಡಿದ ತಗಡಿನ ಮೇಲೆಯೇ ಸ್ಕ್ರೂ ಆಗಿರುತ್ತದೆ. ನೋಡುವುದಕ್ಕೆ ಅರ್ಥ್, ಕೆಲಸಕ್ಕೆ ಸೊನ್ನೆ. ಸ್ಕ್ರೂ ಬಿಚ್ಚಿ, ಸುತ್ತಲಿನ ಪೇಂಟನ್ನು ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ.

ಎರಡನೆಯದು ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು. ನಮ್ಮ ಮೂರು ಗುಂಡು ಪಿನ್‌ಗಳ ಸಾಕೆಟ್ಟಿನಲ್ಲಿ ಅರ್ಥ್ ಮೇಲಿರುವಂತೆ ಎದುರಿಗೆ ನಿಂತು ನೋಡಿದರೆ ಬಲಕ್ಕೆ ಫೇಸ್ ಬರಬೇಕು. ಎಷ್ಟೋ ಮನೆಗಳಲ್ಲಿ ಅದು ಎಡಕ್ಕಿರುತ್ತದೆ. ಅದರ ಮೇಲೆ, ಕೆಲವು ಸ್ಟೇಷನ್‌ಗಳಲ್ಲಿ ಸ್ವಿಚ್ಚನ್ನೂ ಫ್ಯೂಸನ್ನೂ ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆರಿಸಿದರೂ, ಫ್ಯೂಸ್ ಹಾರಿದರೂ, ಕಾಯಿಲ್ ಮಾತ್ರ ಫೇಸಿನಲ್ಲೇ ಕುಳಿತಿರುತ್ತದೆ. ಟೆಸ್ಟರ್‌ನಲ್ಲಿ ಸಾಕೆಟ್ ನೋಡಿ; ಆಮೇಲೆ ಪ್ಲಗ್ ಕಿತ್ತು, ಪ್ಲಗ್‌ನ ಫೇಸ್ ಪಿನ್‌ನಿಂದ ಫ್ಯೂಸಿನ ಮೊದಲ ತುದಿಗೆ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡಿ. ಇಲ್ಲದಿದ್ದರೆ ಒಳಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸೆಯಬೇಕು. ಚಪ್ಪಟೆ ಪಿನ್‌ಗಳ ಪ್ಲಗ್‌ಗೆ ಅಡಾಪ್ಟರ್ ಸಿಕ್ಕಿಸಿ ಬಳಸುತ್ತಿದ್ದರೆ ಈ ಪರೀಕ್ಷೆಗಳಿಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಅಂತಹ ಅಡಾಪ್ಟರುಗಳಲ್ಲಿ ಹಲವಕ್ಕೆ ಅರ್ಥ್ ಸಂಪರ್ಕವೇ ಇಲ್ಲ. ಪ್ಲಗ್ ಕತ್ತರಿಸಿ ಒಳ್ಳೆಯ 6 ಆಂಪಿಯರ್‌ನ ಮೂರು ಪಿನ್ ಟಾಪ್ ಹಾಕಿ.

ಐರನ್: ಪರದೆ 350 ಎನ್ನುತ್ತದೆ, ಲೆಡ್ ಕರಗುವುದಿಲ್ಲ

ಇಲ್ಲಿ ಯಂತ್ರದ ಮೇಲೆ ಅನುಮಾನ ಪಡುವ ಮೊದಲು ಕೈಯಲ್ಲಿರುವ ಲೆಡ್ ಉಂಡೆಯನ್ನು ನೋಡಿ. (ಇಲ್ಲಿ ಲೆಡ್ ಎಂದರೆ ಬರೀ ಸೀಸವಲ್ಲ, ಬೆಸುಗೆ ತಂತಿ.) 63/37 ಎಂದರೆ ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ; ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ನೀರಾಗುತ್ತದೆ. 60/40 ಅದಕ್ಕಿಂತ ಐದಾರು ಡಿಗ್ರಿ ಮೇಲೆ. ತವರ ದುಬಾರಿ, ಸೀಸ ಅಗ್ಗ. ಹಾಗಾಗಿ ಅಗ್ಗದ ಉಂಡೆಗಳಲ್ಲಿ ತವರ ಕಡಿಮೆ ಇರುವುದು ಅಪರೂಪವಲ್ಲ. ತವರ 40 ಪಾಲಿಗೆ ಇಳಿದರೆ ಅದೇ ತಂತಿ 183ರಲ್ಲಿ ಮೆತ್ತಗಾಗಲು ಶುರುವಾಗಿ ಸುಮಾರು 238ರವರೆಗೂ ಗಂಜಿಯಂತೆಯೇ ಇರುತ್ತದೆ. ಬೆಸುಗೆ ಮಂಕಾಗಿ, ಹರಳು ಹರಳಾಗಿ ನಿಲ್ಲುತ್ತದೆ. ಇದನ್ನು ನೋಡಿ ‘ಐರನ್ ಬಿಸಿ ಸಾಲದು’ ಎಂದು 450ಕ್ಕೆ ಏರಿಸಿ ಬಿಟ್ ಸುಟ್ಟುಕೊಂಡವರು ಬಹಳ ಮಂದಿ. ನಂಬಿಕೆಯ ಇನ್ನೊಂದು ಉಂಡೆಯಿಂದ ಒಂದು ಅಡಿ ತಂತಿ ಬೇಡಿ ತಂದು ಹೋಲಿಸಿದರೆ ಪತ್ತೆ ಮುಗಿಯಿತು.

ಲೆಡ್ ಸರಿ ಇದ್ದು, ಬಿಟ್‌ಗೆ ತಾಗಿಸಿದಾಗ ಅಂಟದೆ ಗುಂಡಾಗಿ ಉರುಳಿ ಬೀಳುತ್ತಿದ್ದರೆ ಬಿಟ್ ಕಪ್ಪಾಗಿದೆ, ಅಂದರೆ ತುದಿಯ ಕಬ್ಬಿಣದ ಲೇಪ ಆಕ್ಸೈಡ್ ಆಗಿದೆ. ಬಿಟ್‌ನ ಒಳಗಿರುವುದು ತಾಮ್ರ. ಮೇಲಿನ ತೆಳು ಕಬ್ಬಿಣದ ಲೇಪವೇ ಅದನ್ನು ಕರಗುವ ತವರದಿಂದ ಕಾಯುವುದು. ಆದ್ದರಿಂದ ಉಪ್ಪುಕಾಗದ, ಅರ, ಬ್ಲೇಡು ಯಾವುದೂ ಬೇಡ. ಉಜ್ಜಿದ ಬಿಟ್ ಅಂದು ಚೆನ್ನಾಗಿ ಅಂಟುತ್ತದೆ, ಕೆಲವೇ ದಿನಗಳಲ್ಲಿ ತುದಿಯಲ್ಲಿ ಗುಳಿ ಬೀಳುತ್ತದೆ. ಉಷ್ಣತೆಯನ್ನು 280ರ ಆಸುಪಾಸಿಗೆ ಇಳಿಸಿ, ಹಿತ್ತಾಳೆ ನಾರಿನಲ್ಲಿ ಚುಚ್ಚಿ ತಿರುವಿ, ಆಕ್ಸೈಡ್ ತೆಗೆಯುವ ರಾಳದ ಫ್ಲಕ್ಸ್ ಮತ್ತು ತಾಜಾ ಲೆಡ್ ಎರಡನ್ನೂ ಸುರಿದು ಮತ್ತೆ ಮತ್ತೆ ಒರೆಸಿ. ಹೆಚ್ಚಿನವು ಇಷ್ಟಕ್ಕೆ ಬದುಕುತ್ತವೆ. ಬದುಕದಿದ್ದರೆ ಬಿಟ್ ಹೊಸದು ತನ್ನಿ. ಅದು ಈ ಪೆಟ್ಟಿಗೆಯ ಅತ್ಯಂತ ಅಗ್ಗದ ಭಾಗ.

ಬಿಟ್ ಬೆಳ್ಳಿಯಂತೆ ಹೊಳೆಯುತ್ತಿದೆ, ಲೆಡ್ ಅಂಟುತ್ತದೆ, ಆದರೆ ದಪ್ಪ ತಂತಿಗೋ ಅಗಲವಾದ ಗ್ರೌಂಡ್ ಪ್ಯಾಡ್‌ಗೋ ಇಟ್ಟ ಕೂಡಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂದಾದರೆ ಬಿಟ್ ಮತ್ತು ಹೀಟರ್ ನಡುವಿನ ಸಂದು ನೋಡಿ. ಈ ವಂಶದ ಐರನ್‌ನಲ್ಲಿ ತೆಳ್ಳನೆಯ ಸೆರಾಮಿಕ್ ಕಡ್ಡಿಯ ಮೇಲೆ ಟೊಳ್ಳು ಬಿಟ್ ಟೋಪಿಯಂತೆ ಕೂರುತ್ತದೆ. ಸೆನ್ಸರ್ ಇರುವುದು ಆ ಕಡ್ಡಿಯೊಳಗೆ. ಬಿಟ್ ಸಡಿಲವಾಗಿದ್ದರೆ ನಡುವೆ ಗಾಳಿ. ಕಡ್ಡಿ 350 ಮುಟ್ಟಿ ಸುಮ್ಮನಾಗುತ್ತದೆ, ಬಿಟ್‌ನ ತುದಿ 280ರಲ್ಲೇ ಉಳಿಯುತ್ತದೆ. ಐರನ್ ಪೂರ್ತಿ ತಣ್ಣಗಾದ ಮೇಲೆ ಬಿಟ್ ಹಿಡಿದಿರುವ ಕೊಳವೆಯ ನಟ್ ಬಿಚ್ಚಿ, ಬಿಟ್ ತೆಗೆದು, ಒಳಗಿನ ಕರಿಯನ್ನು ತಟ್ಟಿ ಉದುರಿಸಿ. ಕಡ್ಡಿಯ ತುದಿ ಬಿಟ್‌ನ ಒಳತಳವನ್ನು ಮುಟ್ಟುತ್ತದೆಯೇ, ಇಲ್ಲ ಅರ್ಧಕ್ಕೇ ನಿಲ್ಲುತ್ತದೆಯೇ ಎಂದು ಒಂದು ತೆಳು ಕಡ್ಡಿಯಿಂದ ಆಳ ಅಳೆದು ನೋಡಿ. ಕಡ್ಡಿ ಗಿಡ್ಡವಾಗಿ ಕುಳಿತಿದ್ದರೆ ಹ್ಯಾಂಡಲ್ ಬಿಚ್ಚಿ ಒಳಗಿನ ಚಿಕ್ಕ ಬೋರ್ಡನ್ನು ಮುಂದಕ್ಕೆ ಸರಿಸಬಹುದು. ಸಂದಿಗೆ ಅಲ್ಯುಮಿನಿಯಂ ಹಾಳೆ ತುರುಕುವ ಉಪಾಯವನ್ನು ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ: ಬಿಟ್ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಎಳೆಯುವಾಗ ಸೆರಾಮಿಕ್ ಮುರಿಯುತ್ತದೆ. ಇನ್ನೊಂದು ಬಿಟ್ ಹಾಕಿ ನೋಡುವುದೇ ಸರಿಯಾದ ದಾರಿ. ಅಂಗಡಿಯಲ್ಲಿ ಅಯಸ್ಕಾಂತ ಕೊಂಡೊಯ್ದು ಬಿಟ್‌ನ ಗುಣ ನೋಡುವವರಿದ್ದಾರೆ. ಲೇಪವೇ ಕಬ್ಬಿಣವಾದ್ದರಿಂದ ಎಲ್ಲ ಬಿಟ್‌ಗಳೂ ಒಂದಿಷ್ಟು ಅಂಟುತ್ತವೆ, ಅದರಿಂದ ಏನೂ ತಿಳಿಯದು.

ಪರದೆಯ ಅಂಕಿ ಎಷ್ಟು ಸುಳ್ಳು ಹೇಳುತ್ತಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಸೀಸರಹಿತ ಲೆಡ್‌ನಲ್ಲಿ ಬಹಳ ಬಳಕೆಯಲ್ಲಿರುವ ಎಸ್‌ಎಸಿ305 ಮಿಶ್ರಲೋಹ 217ರಿಂದ 220 ಡಿಗ್ರಿ ನಡುವೆ ಕರಗುತ್ತದೆ. ಈ ಸ್ಟೇಷನ್‌ಗಳ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ 200. ಅಲ್ಲಿಂದ ಐದೈದು ಡಿಗ್ರಿ ಏರಿಸುತ್ತ, ಪ್ರತಿ ಸಲ ಅಂಕಿ ನಿಂತ ಮೇಲೆ ಒಂದು ನಿಮಿಷ ಕಾದು, ತುದಿಗೆ ತಂತಿ ತಾಗಿಸಿ. ಪರದೆ 250 ಎನ್ನುವಾಗ ಕರಗಿದರೆ ತುದಿ ಸುಮಾರು 30 ಡಿಗ್ರಿ ಹಿಂದಿದೆ. ಅಷ್ಟು ವ್ಯತ್ಯಾಸಕ್ಕೆ ಮನಸ್ಸಿನಲ್ಲೇ ಲೆಕ್ಕ ಇಟ್ಟುಕೊಂಡು ಕೆಲಸ ಮಾಡಬಹುದು. 60, 70 ಎಂದು ಬಂದರೆ ಮಾತ್ರ ಬಿಟ್ ಕೂರುವಿಕೆಯನ್ನು ಸರಿಪಡಿಸಿ, ಆಮೇಲೆ ಮುಂಭಾಗದ ಚಿಕ್ಕ ತೂತಿನೊಳಗಿನ ತಿರುಪನ್ನು ಮುಟ್ಟಿ. ಕ್ರಮ ತಿರುಗಿಸಬೇಡಿ: ಸಡಿಲ ಬಿಟ್ ಇಟ್ಟುಕೊಂಡು ತಿರುಪು ತಿರುಗಿಸಿದರೆ ಹೊಸ ಬಿಟ್ ಹಾಕಿದ ದಿನ ಐರನ್ ಹುಚ್ಚೆದ್ದು ಕಾಯುತ್ತದೆ.

ಐರನ್ ಕಾಯುವುದೇ ಇಲ್ಲ, ಅಥವಾ ‘ಎಸ್-ಇ’ ಎಂದು ಬರುತ್ತದೆ

ಹಲವು ಯಂತ್ರಗಳಲ್ಲಿ ‘ಎಸ್-ಇ’ ಎಂದರೆ ಸೆನ್ಸರ್ ಸಿಗುತ್ತಿಲ್ಲ ಎಂದರ್ಥ. ಮೊದಲು ಐರನ್ ಕೇಬಲ್ ಪೆಟ್ಟಿಗೆಗೆ ಸೇರುವ ದುಂಡು ಪ್ಲಗ್ ಬಿಚ್ಚಿ, ಒತ್ತಿ ಮತ್ತೆ ತಿರುಗಿಸಿ ಹಾಕಿ. ನಗಬೇಡಿ, ಇಷ್ಟಕ್ಕೇ ಸರಿಹೋಗುವುದು ಕಡಿಮೆಯೇನಲ್ಲ.

ಆಗದಿದ್ದರೆ ಸ್ವಿಚ್ ಆರಿಸಿ, ಐರನ್ ತಣ್ಣಗಿರುವಾಗ, ಹ್ಯಾಂಡಲ್ ಪ್ಲಗ್‌ನ ಐದು ಪಿನ್‌ಗಳ ನಡುವೆ ಓಂ ಅಳೆಯಿರಿ. ಹಕ್ಕೊ ಮಾದರಿಯ ಸೆರಾಮಿಕ್ ಹೀಟರ್ ಆದರೆ ಒಂದು ಜೋಡಿಯಲ್ಲಿ 2.5ರಿಂದ 3.5 ಓಂ ಬರಬೇಕು, ಅದು ಹೀಟರ್; ಇನ್ನೊಂದು ಜೋಡಿಯಲ್ಲಿ 43ರಿಂದ 58 ಓಂ, ಅದು ಸೆನ್ಸರ್. ಐದನೆಯ ಪಿನ್ ಅರ್ಥ್. ನಕಲು ಯಂತ್ರಗಳಲ್ಲಿ ಇನ್ನೊಂದು ಜಾತಿಯೂ ಇದೆ: ನೈಕ್ರೋಮ್ ತಂತಿಯ ಹೀಟರ್, ಹತ್ತು ಓಂಗಿಂತ ಮೇಲೆ; ಜೊತೆಗೆ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿ ಸೇರಿಸಿದ ಉಷ್ಣತೆಯ ಸೆನ್ಸರ್), ಒಂದೆರಡು ಓಂ. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಪ್ಲಗ್‌ಗೂ ಹೊಂದುತ್ತವೆ, ಒಂದರ ಬದಲಿಗೆ ಇನ್ನೊಂದು ಮಾತ್ರ ಕೆಲಸ ಮಾಡುವುದಿಲ್ಲ. ಅಂಗಡಿಯವರಿಗೆ ‘936 ಹೀಟರ್ ಕೊಡಿ’ ಎಂದು ಕೇಳಿ ತಂದು, ಹಾಕಿ, ಪರದೆ ಅಸಂಬದ್ಧ ಅಂಕಿ ತೋರಿಸಿದಾಗ ಬೋರ್ಡ್ ಹಾಳಾಗಿದೆ ಎಂದು ನಿರ್ಧರಿಸುವುದು ಇಲ್ಲಿನ ಮಾಮೂಲಿ ಅಡ್ಡದಾರಿ. ಹಳೆಯ ಹೀಟರ್ ಸತ್ತಿದ್ದರೂ ಅದರ ಸೆನ್ಸರ್ ಜೋಡಿ ಬದುಕಿದ್ದರೆ ಆ ಓಂ ಬರೆದುಕೊಂಡು ಹೋಗಿ, ಅಂಗಡಿಯ ಕಟ್ಟೆಯ ಮೇಲೇ ಮೀಟರ್ ಹಿಡಿದು ಕೊಳ್ಳಿ.

ಓಂ ಎಲ್ಲ ಸರಿ ಇದ್ದೂ ಹ್ಯಾಂಡಲ್ ಅಲುಗಿಸಿದಾಗ ಅಂಕಿ ಕುಣಿದರೆ ಕೇಬಲ್ ಒಳಗೆ ತುಂಡಾಗಿದೆ. ಬಹುತೇಕ ಯಾವಾಗಲೂ ಹ್ಯಾಂಡಲ್‌ನಿಂದ ಹೊರಬರುವ ರಬ್ಬರ್ ಕತ್ತಿನ ಬಳಿಯೇ. ಅಲ್ಲಿಂದ ನಾಲ್ಕು ಬೆರಳು ಕತ್ತರಿಸಿ ಮತ್ತೆ ಬೆಸೆದರೆ ಆಯಿತು. ಸೆರಾಮಿಕ್ ಕಡ್ಡಿಯಲ್ಲಿ ಬಿರುಕು ಕಂಡರೆ ಕಾರಣ ಸಾಮಾನ್ಯವಾಗಿ ಬಿಟ್‌ಗೆ ಅಂಟಿದ ಲೆಡ್ ಉದುರಿಸಲು ಐರನ್ನನ್ನು ಮೇಜಿಗೆ ಕುಟ್ಟುವ ಅಭ್ಯಾಸ.

ಹಾಟ್ ಏರ್: ಗಾಳಿ ಬರುತ್ತದೆ, ಬಿಸಿ ಇಲ್ಲ

ಹಿಡಿಯನ್ನು ತೊಟ್ಟಿಲಿನಿಂದ (ಅದನ್ನು ಇಡುವ ಸ್ಟ್ಯಾಂಡ್) ಎತ್ತಿದರೂ ಪರದೆಯಲ್ಲಿ ಮೂರು ಅಡ್ಡಗೆರೆಗಳೇ ಉಳಿದಿವೆಯೇ? ಹಾಗಾದರೆ ಯಂತ್ರಕ್ಕೆ ನೀವು ಹಿಡಿ ಎತ್ತಿದ್ದೇ ಗೊತ್ತಾಗಿಲ್ಲ. ತೊಟ್ಟಿಲಿನಲ್ಲಿ ಒಂದು ಅಯಸ್ಕಾಂತ, ಹಿಡಿಯೊಳಗೆ ಅದಕ್ಕೆ ಸ್ಪಂದಿಸುವ ಗಾಜಿನ ರೀಡ್ ಸ್ವಿಚ್, ಇಷ್ಟೇ ಇದರ ವ್ಯವಸ್ಥೆ. ಹಿಡಿ ಕೆಳಗೆ ಬಿದ್ದಾಗ ರೀಡ್ ಸ್ವಿಚ್ ಒಡೆಯುತ್ತದೆ ಅಥವಾ ಕಚ್ಚಿಕೊಳ್ಳುತ್ತದೆ. ಹಿಡಿ ಬಿಚ್ಚಿ, ಅದರ ಎರಡು ಕಾಲಿಗೆ ಮೀಟರ್ ಹಚ್ಚಿ, ಹಳೆಯ ಸ್ಪೀಕರ್‌ನ ಅಯಸ್ಕಾಂತವನ್ನು ಹತ್ತಿರ ತಂದು ದೂರ ಒಯ್ಯಿರಿ. ಮೀಟರ್ ಬದಲಾಗಬೇಕು.

ಇದರ ಉಲ್ಟಾ ದೋಷ ಹೆಚ್ಚು ಅಪಾಯದ್ದು. ತೊಟ್ಟಿಲಿನ ಅಯಸ್ಕಾಂತ ಅಂಟು ಬಿಟ್ಟು ಬಿದ್ದುಹೋಗಿದ್ದರೆ ಹಿಡಿಯನ್ನು ಇಟ್ಟ ಮೇಲೂ ಅದು ಕಾಯುತ್ತಲೇ ಇರುತ್ತದೆ. ಊಟಕ್ಕೆ ಎದ್ದು ಹೋಗುವ ಮುನ್ನ ಅಂಕಿ ಇಳಿಯುತ್ತಿದೆಯೇ ಎಂದು ನೋಡುವ ರೂಢಿ ಇಟ್ಟುಕೊಳ್ಳಿ.

ಅಂಕಿ ಬರುತ್ತಿದೆ, ಆದರೆ 30ರಲ್ಲೋ 35ರಲ್ಲೋ ನಿಂತು ಏರುತ್ತಿಲ್ಲ ಎಂದಾದರೆ ಕಾಯಿಲ್ ಅಳೆಯುವ ಸಮಯ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಹಿಡಿಯಿಂದ ಬರುವ ತಂತಿಗಳಲ್ಲಿ ಕಾಯಿಲ್‌ನ ಎರಡು ತಂತಿಗಳನ್ನು ಬೋರ್ಡಿನಿಂದ ಬಿಡಿಸಿ ಓಂ ನೋಡಿ. ಎಷ್ಟು ಬರಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು: 230ರ ವರ್ಗ 52,900, ಅದನ್ನು ವ್ಯಾಟ್‌ನಿಂದ ಭಾಗಿಸಿದರೆ ಓಂ. ಪೆಟ್ಟಿಗೆಯ ಮೇಲೆ ಬರೆದಂತೆ 700 ವ್ಯಾಟ್ ನಿಜವಾದರೆ 75 ಓಂ. 450 ವ್ಯಾಟ್ ಆದರೆ 117. ಈ ವ್ಯಾಪ್ತಿಯಲ್ಲಿ ಏನು ಬಂದರೂ ಕಾಯಿಲ್ ಜೀವಂತ. ಅನಂತ ಎಂದು ಬಂದರೆ ಕಾಯಿಲ್ ತುಂಡಾಗಿದೆ ಅಥವಾ ಹಿಡಿಯ ಕತ್ತಿನಲ್ಲಿ ತಂತಿ ಹೋಗಿದೆ. ಹಿಡಿ ಬಿಚ್ಚಿ ಕಾಯಿಲ್‌ನ ಕಾಲಿನಲ್ಲೇ ಮತ್ತೊಮ್ಮೆ ಅಳೆದರೆ ಯಾವುದೆಂದು ತಿಳಿಯುತ್ತದೆ.

ಕಾಯಿಲ್ ಸರಿ ಇದ್ದರೆ ಅನುಮಾನ ಟ್ರಯಾಕ್ (ಕಾಯಿಲ್‌ಗೆ ಹೋಗುವ ಮೇನ್ಸನ್ನು ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್) ಮತ್ತು ಅದನ್ನು ಎಬ್ಬಿಸುವ ಆರು ಕಾಲಿನ ಆಪ್ಟೋಕಪ್ಲರ್ ಮೇಲೆ. ಆಪ್ಟೋ ಸಾಮಾನ್ಯವಾಗಿ ಎಂಒಸಿ30 ಎಂದು ಶುರುವಾಗುವ ಸಂಖ್ಯೆಯದು. ಅದೇ ಸಂಖ್ಯೆಯದನ್ನು ತಂದು ಹಾಕಿ. ಹೆಚ್ಚು ತಲೆ ಕೆಡಿಸಿಕೊಳ್ಳುವಷ್ಟು ಬೆಲೆಯೂ ಅದಕ್ಕಿಲ್ಲ.

ಹಾಟ್ ಏರ್: ನಿಲ್ಲಿಸಿದರೂ ನಿಲ್ಲದ ಬಿಸಿ

ಇದೇ ಈ ಯಂತ್ರದ ಅತ್ಯಂತ ಕೆಟ್ಟ ದೋಷ. ಟ್ರಯಾಕ್ ಕೆಡುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಕಾಯಿಲ್‌ಗೆ ಹೋಗುವ ವಿದ್ಯುತ್ತಿಗೆ ತಡೆಯೇ ಇಲ್ಲ. ಪರದೆ 350 ಇಟ್ಟಿದ್ದರೂ 480, 500 ಎಂದು ಏರುತ್ತದೆ, ನಳಿಗೆಯ ಒಳಗೆ ಕೆಂಪು ಕಾಣುತ್ತದೆ, ಹಿಡಿ ಮೆತ್ತಗಾಗುತ್ತದೆ. ಕೂಡಲೇ ಗೋಡೆಯ ಸ್ವಿಚ್ ಆರಿಸಿ.

ಪತ್ತೆಗೆ ಎಲೆಕ್ಟ್ರಿಷಿಯನ್‌ಗಳ ಹಳೆಯ ಸೀರೀಸ್ ಬೋರ್ಡಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಒಂದನ್ನು ಫೇಸಿನಲ್ಲಿ ಸರಣಿಯಾಗಿ ಹಾಕಿದ ಸಾಕೆಟ್ಟಿಗೆ ಸ್ಟೇಷನ್ ಸಿಕ್ಕಿಸಿ, ಐರನ್ ಸ್ವಿಚ್ ಆರಿಸಿಟ್ಟು, ಹಿಡಿಯನ್ನು ತೊಟ್ಟಿಲಲ್ಲೇ ಇಟ್ಟು ಆನ್ ಮಾಡಿ. ಎಲ್ಲ ಸರಿ ಇದ್ದರೆ ಬಲ್ಬ್ ಮಂಕಾಗಿ ಮಿನುಗಿ ಆರಿದಂತಾಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಬೇಕಾದುದು ಅಷ್ಟೇ. ಹಿಡಿ ಎತ್ತಿದಾಗ ಬಲ್ಬ್ ಪ್ರಕಾಶಿಸಬೇಕು, ಏಕೆಂದರೆ ಕಾಯಿಲ್ ಎಳೆಯತೊಡಗಿತು. ಆ ಹೊತ್ತಿಗೆ ಒಳಗಿನ ವೋಲ್ಟೇಜ್ ಕುಸಿದು ಪರದೆ ಮಿಟುಕಿದರೆ ಗಾಬರಿ ಬೇಡ. ಹಿಡಿ ತೊಟ್ಟಿಲಲ್ಲಿರುವಾಗಲೇ ಬಲ್ಬ್ ಜಗಜಗ ಉರಿದರೆ ಟ್ರಯಾಕ್ ಶಾರ್ಟ್. ಬಲ್ಬ್ ನಡುವೆ ಇರುವುದರಿಂದ ಏನೂ ಸುಡುವುದಿಲ್ಲ, ನೀವು ನಿಧಾನವಾಗಿ ನೋಡಬಹುದು. ಆಮೇಲೆ ಪ್ಲಗ್ ಕಿತ್ತು ಟ್ರಯಾಕ್‌ನ ಎ1, ಎ2 ಕಾಲುಗಳ ನಡುವೆ ಓಂ ನೋಡಿ ಖಚಿತಪಡಿಸಿಕೊಳ್ಳಿ. ಸೊನ್ನೆಯ ಹತ್ತಿರ ಬಂದರೆ ಅದು ಹೋಗಿದೆ.

ಬದಲಿ ತರುವಾಗ ಒಂದು ಅಕ್ಷರವನ್ನು ಗಮನಿಸಿ. ಬಿಟಿಎ12-600 ಎಂದಿದ್ದರೆ ಬಿಟಿಎ ಅನ್ನೇ ತನ್ನಿ. ಬಿಟಿಎಯ ಬೆನ್ನಿನ ತಗಡು ಒಳಗಿನಿಂದ ಬೇರ್ಪಟ್ಟಿರುತ್ತದೆ. ಬಿಟಿಬಿಯ ಬೆನ್ನು ನೇರವಾಗಿ ಎ2 ಕಾಲಿಗೆ ಸೇರಿರುತ್ತದೆ, ಅಂದರೆ ಮೇನ್ಸ್. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಕೊಡುವವರಿದ್ದಾರೆ. ಹೀಟ್‌ಸಿಂಕ್ ಪೆಟ್ಟಿಗೆಯ ತಗಡಿಗೆ ತಾಗಿದ್ದರೆ ಎರಡೂ ಒಂದೇ ಅಲ್ಲ.

ಟ್ರಯಾಕ್ ಚೆನ್ನಾಗಿದ್ದೂ ಕಾಯಿಲ್ ಕೆಂಪಾಗುವ ಇನ್ನೊಂದು ಸಂದರ್ಭವಿದೆ, ಅದು ಎಲಿಮೆಂಟ್ ಬದಲಾಯಿಸಿದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಮೊಬೈಲ್ ಅಂಗಡಿಯ ಹುಡುಗನೊಬ್ಬ ಇಂತಹುದನ್ನೇ ತಂದಿದ್ದ. ‘ಅಣ್ಣಾ, ಎಲಿಮೆಂಟ್ ನೆನ್ನೆ ತಾನೇ ಹಾಕಿದ್ದು. ಗಾಳಿ ಬೆಂಕಿಯಂತೆ ಬರುತ್ತದೆ, ಪರದೆ ಮಾತ್ರ ಇಳಿಯುತ್ತಾ ಹೋಗುತ್ತದೆ’ ಎಂದ. ಆ ಕೊನೆಯ ಮಾತಿನಲ್ಲೇ ದೋಷ ಇತ್ತು. ಎಲಿಮೆಂಟ್‌ನ ಮುಂದೆ ಇರುವುದು ಕೆ-ಟೈಪ್ ಥರ್ಮೋಕಪಲ್. ಅದರ ಎರಡು ತುದಿಗಳ ನಡುವೆ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ, ನೂರು ಡಿಗ್ರಿ ವ್ಯತ್ಯಾಸಕ್ಕೆ 4 ಮಿಲಿವೋಲ್ಟ್. ಧನ, ಋಣ ಅದಲುಬದಲಾದರೆ ಕಾದಷ್ಟೂ ವೋಲ್ಟೇಜ್ ಕೆಳಗೆ ಹೋಗುತ್ತದೆ, ಯಂತ್ರ ‘ಇನ್ನೂ ತಣ್ಣಗಿದೆ’ ಎಂದು ತಿಳಿದು ಇನ್ನಷ್ಟು ಕಾಯಿಸುತ್ತದೆ. ಹೊಸ ಎಲಿಮೆಂಟ್‌ನ ತಂತಿಯ ಬಣ್ಣವನ್ನು ನಂಬುವಂತಿಲ್ಲ. ಬೆಸೆಯುವ ಮೊದಲು ಮೀಟರನ್ನು 200 ಮಿಲಿವೋಲ್ಟ್‌ಗೆ ಇಟ್ಟು, ಎಲಿಮೆಂಟ್‌ನ ಬಾಯಿಗೆ ಲೈಟರ್ ಜ್ವಾಲೆಯನ್ನು ದೂರದಿಂದ ತೋರಿಸಿ. ಅಂಕಿ ಮೈನಸ್ ಇಲ್ಲದೆ ಏರಿದರೆ ಕೆಂಪು ಕಡ್ಡಿ ಇರುವ ತಂತಿ ಧನ. ಥರ್ಮೋಕಪಲ್ ತಂತಿಯೇ ಕೊನೆಯವರೆಗೆ ಬಂದಿದ್ದರೆ ಅಯಸ್ಕಾಂತಕ್ಕೆ ಅಂಟುವ ಕಾಲು ಋಣ, ಏಕೆಂದರೆ ಅದು ಅಲ್ಯುಮೆಲ್ ಎಂಬ ನಿಕಲ್ ಮಿಶ್ರಲೋಹ. ಹುಡುಗನ ಯಂತ್ರದಲ್ಲಿ ಎರಡು ತಂತಿ ಅದಲುಬದಲು ಮಾಡಿದ್ದಕ್ಕೇ ಕೆಲಸ ಮುಗಿಯಿತು. ಕರಗಿದ್ದ ಹಿಡಿಗೆ ಮಾತ್ರ ಬೇರೆ ಖರ್ಚು ಬಿತ್ತು.

ಥರ್ಮೋಕಪಲ್‌ನ ಎರಡು ತಂತಿಗಳು ಹಿಡಿಯ ಹಿಂಭಾಗದಲ್ಲಿ ಒಂದಕ್ಕೊಂದು ತಾಗಿದ್ದರೂ ಹೀಗೆಯೇ ಆಗುತ್ತದೆ. ತಾಗಿದ ಜಾಗದ ಉಷ್ಣತೆಯನ್ನು ಯಂತ್ರ ಓದುತ್ತದೆ, ಅಲ್ಲಿ ತಣ್ಣಗಿದೆ. ಪೂರ್ತಿ ತುಂಡಾಗಿದ್ದರೆ ಹೆಚ್ಚಿನ ಯಂತ್ರಗಳು ಗುರುತಿಸಿ ‘ಎಸ್-ಇ’ ತೋರಿಸಿ ನಿಲ್ಲುತ್ತವೆ.

ಫ್ಯಾನ್, ಗಾಳಿ, ಮತ್ತು ಕರೆಂಟ್ ಹೋಗುವ ಊರು

ಗಾಳಿ ಕಡಿಮೆ ಎನಿಸಿದರೆ ಹಿಡಿಯ ಹಿಂಬದಿಯ ಜಾಲರಿಯನ್ನು ಬ್ರಷ್‌ನಿಂದ ಸ್ವಚ್ಛಮಾಡಿ. ಧೂಳು, ಕೂದಲು, ಫ್ಲಕ್ಸ್ ಹೊಗೆಯ ಜಿಗಟು ಎಲ್ಲ ಅಲ್ಲೇ ಕೂರುತ್ತದೆ. ಫ್ಯಾನ್ ಕಿರ್ರೆಂದರೆ ಬದಲಾಯಿಸಿ, ಎಣ್ಣೆ ಬಿಡಬೇಡಿ.

ಈ ಯಂತ್ರ ಆರಿಸುವಾಗ ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ಓಡಿ ಕಾಯಿಲ್ ತಣಿಸುತ್ತದೆ. ಅದು ನಿಲ್ಲುವ ಮುನ್ನ ಪ್ಲಗ್ ಕೀಳಬಾರದು ಎಂದು ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಕೀಳುವ ಕೆಲಸವನ್ನು ವಿದ್ಯುತ್ ಪೂರೈಕೆಯೇ ಮಾಡುತ್ತದೆ. 400 ಡಿಗ್ರಿಯಲ್ಲಿ ಕೆಲಸ ನಡೆಯುತ್ತಿರುವಾಗ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಕಾಯಿಲ್‌ನ ಬಿಸಿ ಉಳಿಯುತ್ತದೆ. ತೊಟ್ಟಿಲಲ್ಲಿ ಹಿಡಿ ತಲೆಕೆಳಗಾಗಿ ನಿಲ್ಲುವುದರಿಂದ ಆ ಬಿಸಿ ಮೇಲೇರಿ ಫ್ಯಾನಿಗೂ ಪ್ಲಾಸ್ಟಿಕ್‌ಗೂ ತಲುಪುತ್ತದೆ. ಕಾರಣ ತಿಳಿಯದೆ ಸತ್ತ ಎಷ್ಟೋ ಫ್ಯಾನ್‌ಗಳ ಹಿಂದೆ ಇದೇ ಇರುತ್ತದೆ. ಕರೆಂಟ್ ಹೋದ ಕೂಡಲೇ ನಳಿಗೆ ಆಕಾಶದ ಕಡೆಗಿರುವಂತೆ ಹಿಡಿದುಕೊಳ್ಳಿ, ಐದು ನಿಮಿಷ. ಮನೆಯ ಇನ್ವರ್ಟರ್ ಮೇಲೆ ಹಾಟ್ ಏರ್ ಓಡಿಸುವ ಯೋಚನೆ ಬೇಡ. 700 ವ್ಯಾಟ್ ಎಂದರೆ 3 ಆಂಪಿಯರ್, ಅನೇಕ ಇನ್ವರ್ಟರುಗಳು ಅಲ್ಲೇ ಕೂಗುತ್ತವೆ.

ಹಾಟ್ ಏರ್ ಓಡುವಾಗ ಕೋಣೆಯ ದೀಪ ಮಿಣುಕುವುದು ದೋಷವಲ್ಲ, ಟ್ರಯಾಕ್ ಕಾಯಿಲನ್ನು ಬಿಟ್ಟು ಬಿಟ್ಟು ಹಚ್ಚುವುದರ ಪರಿಣಾಮ. ಪ್ಲಗ್ ಬಿಸಿಯಾಗುತ್ತಿದ್ದರೆ ಮಾತ್ರ ಸಾಕೆಟ್ ಸಡಿಲವಾಗಿದೆ.

ಯಂತ್ರ ಸರಿ, ಐಸಿ ಮಾತ್ರ ಏಳುವುದಿಲ್ಲ

ಎಲ್ಲ ಪರೀಕ್ಷೆ ಮುಗಿದೂ ಲ್ಯಾಪ್‌ಟಾಪಿನ ಚಾರ್ಜಿಂಗ್ ಜ್ಯಾಕೋ ಎಚ್‌ಡಿಎಂಐ ಪೋರ್ಟೋ ಅಲುಗದಿದ್ದರೆ ತಪ್ಪು ಸ್ಟೇಷನ್ನಿನದಲ್ಲ. ಮೀಟರ್ ಜೊತೆ ಬರುವ ಕೆ-ಟೈಪ್ ತಂತಿಯ ಮಣಿಯನ್ನು ನಳಿಗೆಯ ಬಾಯಿಯಲ್ಲಿ ಹಿಡಿದು ನೋಡಿ, ಆಮೇಲೆ ಒಂದೆರಡು ಸೆಂಟಿಮೀಟರ್ ದೂರದಲ್ಲಿ. ಅಂಕಿ ಎಷ್ಟು ಬೇಗ ಬೀಳುತ್ತದೆ ಎಂಬುದು ಕಂಡರೆ ಪರದೆಯ ಮೇಲಿನ ಭಕ್ತಿ ಕಡಿಮೆಯಾಗುತ್ತದೆ. ಬೋರ್ಡಿನೊಳಗಿನ ತಾಮ್ರದ ಪದರಗಳು ಉಳಿದ ಬಿಸಿಯನ್ನು ಎಳೆದುಕೊಳ್ಳುತ್ತವೆ.

ಉಷ್ಣತೆ ಏರಿಸುವುದರ ಬದಲು ಬೋರ್ಡನ್ನೇ ಮೊದಲು ಕಾಯಿಸಿ. ಪ್ರೀಹೀಟರ್ ಇದ್ದರೆ 120ರ ಆಸುಪಾಸಿಗೆ. ಇಲ್ಲದಿದ್ದರೆ ದೊಡ್ಡ ನಾಜಲ್ ಹಾಕಿ, ಗನ್ನನ್ನು 200ಕ್ಕೆ ಇಟ್ಟು, ಸುತ್ತಲಿನ ಜಾಗಕ್ಕೆಲ್ಲ ಒಂದೆರಡು ನಿಮಿಷ ಬೀಸಿ. ಕಾರ್ಖಾನೆಯ ಸೀಸರಹಿತ ಬೆಸುಗೆಗೆ ಐರನ್‌ನಿಂದ 63/37 ಲೆಡ್ ಬೆರೆಸಿ, ಕರಗುವ ಬಿಂದು ಇಳಿಯುತ್ತದೆ. ಫ್ಲಕ್ಸ್‌ನಲ್ಲಿ ಜಿಪುಣತನ ಬೇಡ. ಆದರೆ ಕೊಳಾಯಿ ಮತ್ತು ತಗಡಿನ ಕೆಲಸಕ್ಕೆ ಮಾರುವ ಆಮ್ಲದ ಪೇಸ್ಟ್ ಬೋರ್ಡಿಗೆ ಬಾರದು. ತಿಂಗಳು ಕಳೆದ ಮೇಲೆ ಟ್ರ್ಯಾಕ್‌ಗಳು ಹಸಿರಾಗಿ ತಿಂದುಹೋಗುತ್ತವೆ. ಸಣ್ಣ ನಾಜಲ್ ಹಾಕಿದಾಗ ಗಾಳಿಯನ್ನು ತೀರಾ ಕಡಿಮೆ ಮಾಡಬೇಡಿ: ಬಾಯಿ ಕಿರಿದಾಗಿ ಗಾಳಿ ನಿಂತರೆ ಕಾಯಿಲ್‌ನ ಬಿಸಿ ಹೊರಹೋಗದೆ ಒಳಗೇ ಉಳಿಯುತ್ತದೆ.

ಮತ್ತೆ ಮುಚ್ಚುವಾಗ

ಎಲಿಮೆಂಟ್ ಹಾಕಿ ನಳಿಗೆ ಕೂರಿಸುವಾಗ ಸುತ್ತಲಿನ ಅಭ್ರಕದ ಸುರುಳಿ ಮುಂದೆಯೂ ಹಿಂದೆಯೂ ಕಾಯಿಲನ್ನು ಪೂರ್ತಿ ಮುಚ್ಚಿದೆಯೇ ನೋಡಿ. ಹಳೆಯದು ಒಡೆದಿದ್ದರೆ ಅದನ್ನೇ ಒತ್ತಿ ತುರುಕದೆ ಹೊಸ ಹಾಳೆ ಸುತ್ತಿ. ನಳಿಗೆಯ ಅರ್ಥ್ ತಂತಿ ಕ್ಲಿಪ್‌ನ ಕೆಳಗೆ ಬಂದಿರಬೇಕು, ಅದರ ಪಕ್ಕದಲ್ಲಿ ಅಲ್ಲ. ಮುಚ್ಚಳ ಹಾಕಿದ ಮೇಲೆ ಪ್ಲಗ್‌ನ ಫೇಸ್ ಪಿನ್‌ಗೂ ಅರ್ಥ್ ಪಿನ್‌ಗೂ ನಡುವೆ, ಆಮೇಲೆ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಓಂ ಅಳೆಯಿರಿ, ಪೆಟ್ಟಿಗೆಯ ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು. ಮೆಗಾ ಓಂಗಳಲ್ಲಿ ಬರಬೇಕು ಅಥವಾ ಏನೂ ಬರಬಾರದು. ಮೊದಲ ಸಲ ಸೀರೀಸ್ ಬೋರ್ಡಿನಲ್ಲಿ, ಎರಡನೆಯ ಸಲ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಸಾಲಿನಲ್ಲಿ ಹಚ್ಚಿ, 200 ಡಿಗ್ರಿಗೆ ಇಟ್ಟು ಹತ್ತು ನಿಮಿಷ ಬಿಡಿ. ಆರ್‌ಸಿಸಿಬಿ ಬಿದ್ದರೆ ಅಭ್ರಕ ಸರಿಯಾಗಿ ಕೂತಿಲ್ಲ. ನಳಿಗೆಯ ಸ್ಕ್ರೂಗಳನ್ನು ಮತ್ತೆ ಬಿಚ್ಚಿ.